ಮೀಟರು ಓದುತ್ತಿದ್ದವಳು

ಗಂಡನಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲವೆಂಬುದರ ಸುಳಿವು ಅವಳಿಗೆ ಮೊದಲು ಸಿಕ್ಕಿದ್ದು ಒಂದು ಮಧ್ಯಾಹ್ನ, ಊಟದ ಕ್ಯಾರಿಯರ್ ಹಿಡಿದು ಅಂಗಡಿಯ ಬಾಗಿಲಲ್ಲಿ ನಿಂತಿದ್ದಾಗ.

ಅಂಗಡಿ ಎಂದರೆ ದೊಡ್ಡದೇನಲ್ಲ. ಒಂದು ಕಡೆ ದರ್ಜಿಯ ಅಂಗಡಿ, ಇನ್ನೊಂದು ಕಡೆ ಹಳೆಯ ಗೋದಾಮಿನ ಗೋಡೆ. ನಡುವೆ ಸಿಕ್ಕಿಕೊಂಡ ಒಂದು ಕೋಣೆ. ಎರಡು ಬೈಕು ಒಳಗೆ ನಿಂತರೆ ಮೂರನೆಯದಕ್ಕೆ ರಸ್ತೆಯೇ ಗತಿ. ಗೋಡೆಯುದ್ದಕ್ಕೂ ಮರದ ಹಲಗೆ, ಅದರ ಮೇಲೆ ಚಾರ್ಜಿಗೆ ಹಾಕಿದ ಬ್ಯಾಟರಿಗಳ ಸಾಲು, ಮೊಳೆಗಳಿಗೆ ನೇತುಬಿದ್ದ ಬಣ್ಣಬಣ್ಣದ ವೈರಿನ ಸುರುಳಿ, ಮೂಲೆಯಲ್ಲಿ ಬ್ಯಾಟರಿಗೆ ಹಾಕುವ ನೀರಿನ ಕ್ಯಾನು. ಅವಳ ಗಂಡ ಬ್ರೇಕು, ಚೈನು, ಕ್ಲಚ್ಚುಗಳ ತಂಟೆಗೆ ಹೋದವನಲ್ಲ. ಬೈಕಿನ ಮೈಯಲ್ಲಿ ಕರೆಂಟು ಎಲ್ಲೆಲ್ಲಿ ಓಡಾಡುತ್ತದೋ ಅಷ್ಟು ಮಾತ್ರ ತನ್ನದು ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷ ಅದನ್ನೇ ಮಾಡಿ ಜನರ ಬಾಯಲ್ಲಿ ವೋಲ್ಟು ಮೇಸ್ತ್ರಿ ಆಗಿದ್ದ. ಬೇರೆಯವರು ಕೈಚೆಲ್ಲಿದ ಗಾಡಿಗಳು ಕೊನೆಗೆ ಅವನ ಬಾಗಿಲಿಗೇ ಬರುತ್ತಿದ್ದವು.

ಆ ಮಧ್ಯಾಹ್ನ ಬಂದಿದ್ದವನು ಬ್ರೆಡ್ಡಿನವನು. ಬೇಕರಿಯಿಂದ ಬ್ರೆಡ್ಡು ತುಂಬಿಕೊಂಡು ಅಂಗಡಿ ಅಂಗಡಿಗೆ ಹಾಕುವುದು ಅವನ ಕೆಲಸ. ಹಿಂದಿನ ಸೀಟಿಗೆ ಎರಡು ದೊಡ್ಡ ಪೆಟ್ಟಿಗೆ ಕಟ್ಟಿದ ಅವನ ಬೈಕು ಮೂರು ದಿನದಿಂದ ಬೆಳಗಿನ ಹೊತ್ತು ಮೊಂಡು ಹಿಡಿದಿತ್ತು. ಮೇಸ್ತ್ರಿ ಸೀಟು ಬಿಚ್ಚಿ, ಮೀಟರಿನ ಕೆಂಪು ಕಡ್ಡಿಯನ್ನೂ ಕಪ್ಪು ಕಡ್ಡಿಯನ್ನೂ ಬ್ಯಾಟರಿಯ ಎರಡು ತುದಿಗೆ ಒತ್ತಿ, ಬಗ್ಗಿ ನೋಡಿ, ಹನ್ನೆರಡು ಪಾಯಿಂಟ್ ಏಳು, ಬ್ಯಾಟರಿ ಗುಂಡುಕಲ್ಲಿನ ಹಾಗಿದೆ ಎಂದ. ಸ್ವಿಚ್ಚಿನಲ್ಲಿ ಕೊಳೆ ಕೂತಿರಬೇಕೆಂದು ಅದನ್ನು ಉಜ್ಜಿ ಕಳಿಸಿಕೊಟ್ಟ.

ಅವಳು ನಿಂತ ಜಾಗದಿಂದ ಮೀಟರು ಚೆನ್ನಾಗಿ ಕಾಣುತ್ತಿತ್ತು. ಅದರಲ್ಲಿದ್ದದ್ದು ಹನ್ನೆರಡು ಪಾಯಿಂಟ್ ಒಂದು. ಆ ಪರದೆಯಲ್ಲಿ ಒಂದಕ್ಕೂ ಏಳಕ್ಕೂ ನೆತ್ತಿಯ ಮೇಲಿನ ಒಂದು ಗೆರೆಯಷ್ಟೇ ವ್ಯತ್ಯಾಸ. ಏಳಾದರೆ ಬ್ಯಾಟರಿ ತುಂಬಿದೆ, ಒಂದಾದರೆ ಹೆಚ್ಚುಕಡಿಮೆ ಬರಿದಾಗಿದೆ, ಇಷ್ಟು ಅವಳಿಗೂ ಗೊತ್ತಿತ್ತು. ಇಪ್ಪತ್ತು ವರ್ಷ ಊಟ ತಂದುಕೊಟ್ಟವಳ ಕಿವಿಗೆ ಅಷ್ಟೂ ಬೀಳದೆ ಇರುತ್ತದೆಯೇ? ಆದರೆ ಗಿರಾಕಿಯ ಎದುರಿಗೆ ಗಂಡನ ಮಾತು ತೆಗೆದುಹಾಕುವ ಹೆಂಗಸಲ್ಲ ಅವಳು. ತನ್ನ ಕಣ್ಣೇ ತಪ್ಪಿರಬೇಕೆಂದುಕೊಂಡು ಸುಮ್ಮನೆ ಕ್ಯಾರಿಯರ್ ಬಿಚ್ಚಿದಳು.

ಅವಳೂ ಕೈಕಟ್ಟಿ ಕೂತವಳಲ್ಲ. ದರ್ಜಿಯ ಅಂಗಡಿಯಿಂದ ಶರ್ಟುಗಳನ್ನು ಮನೆಗೆ ಒಯ್ದು ಕಾಜಾ ಹೊಲಿದು ಗುಂಡಿ ಹಾಕಿಕೊಡುತ್ತಿದ್ದಳು. ಮಾರನೆಯ ಬೆಳಿಗ್ಗೆ ಶರ್ಟಿನ ಗಂಟು ಹೊತ್ತು ಬಂದಾಗ ಬ್ರೆಡ್ಡಿನವನು ಬೈಕು ತಳ್ಳಿಕೊಂಡು ಬರುತ್ತಿರುವುದು ಕಂಡಿತು. ಪೆಟ್ಟಿಗೆಗಳಲ್ಲಿ ಬ್ರೆಡ್ಡು ಹಾಗೇ ಇತ್ತು. ಅಂಗಿ ಬೆನ್ನಿಗೆ ಅಂಟಿತ್ತು. ಅವನು ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ನಿಮ್ಮ ಕೈ ಮುಟ್ಟಿದ ಗಾಡಿ ತಳ್ಳಿದ್ದು ಇದೇ ಮೊದಲು ಮೇಸ್ತ್ರಿ ಎಂದಷ್ಟೇ ಹೇಳಿ, ಪಕ್ಕದ ಕಟ್ಟೆಯ ಮೇಲೆ ಕೂತು ಮುಖ ಒರೆಸಿಕೊಂಡ.

ಗಂಡ ಮತ್ತೆ ಮೀಟರು ಹಚ್ಚಿದ. ಬಗ್ಗಿದ. ಇನ್ನಷ್ಟು ಬಗ್ಗಿದ. ಅಂಕಿ ಮಾತ್ರ ಹೇಳಲಿಲ್ಲ. ಅವಳು ಅವನ ಬೆನ್ನನ್ನೇ ನೋಡುತ್ತ ನಿಂತಿದ್ದಳು. ಗಂಟನ್ನು ಹಲಗೆಯ ಮೇಲಿಟ್ಟು, ಅವನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಬ್ರೆಡ್ಡಿನವನಿಗೆ ಕೇಳಿಸದಷ್ಟು ಮೆಲ್ಲಗೆ, "ಹನ್ನೊಂದು ಪಾಯಿಂಟ್ ನಾಲ್ಕು," ಎಂದಳು.

ಅವನು ತಿರುಗಿ ನೋಡಲಿಲ್ಲ. ಎದ್ದುಹೋಗಿ ಹಲಗೆಯಿಂದ ತುಂಬಿದ ಬ್ಯಾಟರಿಯೊಂದನ್ನು ತಂದು ಜೋಡಿಸಿ ಗಾಡಿ ಸ್ಟಾರ್ಟ್ ಮಾಡಿದ. ಆಕ್ಸಿಲರೇಟರ್ ತಿರುವಿ ಹಿಡಿದು, ಮುಖ ಬೇರೆ ಕಡೆ ಇಟ್ಟುಕೊಂಡೇ, ಎಷ್ಟು ಎಂದ. ಹನ್ನೆರಡು ಪಾಯಿಂಟ್ ನಾಲ್ಕು, ಏರುತ್ತಿಲ್ಲ ಎಂದಳು. ಅಲ್ಲಿಂದ ಮುಂದೆ ಅವನಿಗೆ ಕಣ್ಣು ಬೇಕಾಗಲಿಲ್ಲ. ಇಂಜಿನ್ನಿನಿಂದ ಹೊರಟ ವೈರುಗಳ ಮೇಲೆ ಬೆರಳಾಡಿಸುತ್ತ ಹೋಗಿ, ಚಾರ್ಜು ಹದ್ದುಮೀರದಂತೆ ತಡೆಯುವ ರೆಗ್ಯುಲೇಟರಿನ ಹತ್ತಿರ, ವೈರುಗಳನ್ನು ಕೂಡಿಸುವ ಕಪ್ಲರಿನ ಮೇಲೆ ನಿಲ್ಲಿಸಿ, ಕಳಚಿ ಮೂಸಿ ನೋಡಿದ. ಪ್ಲಾಸ್ಟಿಕ್ಕು ಸುಟ್ಟು ಕರಕಾಗಿತ್ತು. ಇಂಜಿನ್ನು ಕೊಡುತ್ತಿದ್ದ ಕರೆಂಟು ಬ್ಯಾಟರಿಯವರೆಗೆ ಬರುತ್ತಲೇ ಇರಲಿಲ್ಲ. ಹೊಸ ಕಪ್ಲರ್ ಹಾಕಿದ ಮೇಲೆ ಅವಳು ಹದಿನಾಲ್ಕು ಎಂದು ಓದಿದಳು. ಬ್ರೆಡ್ಡಿನವನು ಹಾಡು ಗುನುಗುತ್ತ ಹೊರಟುಹೋದ.

ಅಂದು ಸಂಜೆ ಮನೆಯಲ್ಲಿ ಅವಳು ಸುತ್ತಿ ಬಳಸಿ ಕೇಳಲಿಲ್ಲ.

"ರೀ, ಎಷ್ಟು ದಿನ ಆಯ್ತು?"

"ಏನು ಎಷ್ಟು ದಿನ?"

"ಅದೇ."

ಅವನು ಕೈಯಲ್ಲಿದ್ದ ಲೋಟವನ್ನು ನೆಲ ತಡವಿ ಇಟ್ಟ. ವರ್ಷವಾಯಿತು ಎಂದ. ಮೊದಲು ಕಣ್ಣೆದುರು ನುಸಿಯ ಹಾಗೆ ಕರೀ ಚುಕ್ಕೆಗಳು ಹಾರಾಡಿದವಂತೆ. ಆಮೇಲೆ ಒದ್ದೆ ಗಾಜಿನ ಆಚೆಯಿಂದ ನೋಡಿದಂತೆ ಎಲ್ಲ ಕದಡಿಹೋಯಿತಂತೆ. ಅಂಕಿ ಕಾಣದೆ ಸ್ಟಾರ್ಟರಿನ ಸದ್ದು ಕೇಳಿಯೇ ಅಂದಾಜಿನ ಮೇಲೆ ಹೇಳುತ್ತಿದ್ದನಂತೆ. ಹತ್ತಕ್ಕೆ ಒಂಬತ್ತು ಸರಿ ಬರುತ್ತಿತ್ತು ಎಂದು ಸ್ವಲ್ಪ ಜಂಬದಿಂದಲೇ ಹೇಳಿ, ಆಮೇಲೆ ತಲೆ ತಗ್ಗಿಸಿದ.

ಅವನಿಗೆ ಸಕ್ಕರೆ ಕಾಯಿಲೆ ಇದ್ದದ್ದು ಇಬ್ಬರಿಗೂ ಗೊತ್ತಿತ್ತು. ಹತ್ತು ವರ್ಷದಿಂದ ಇತ್ತು. ಮಾತ್ರೆಯ ಡಬ್ಬಿ ಕಿಟಕಿಯ ಮೇಲೆ ಇರುತ್ತಿತ್ತು. ನೆನಪಾದ ದಿನ ನುಂಗುತ್ತಿದ್ದ, ಆಗದ ದಿನ ಬಿಡುತ್ತಿದ್ದ. ಅವಳು ಜ್ಞಾಪಿಸಿದರೆ, ಈ ಮಾತ್ರೆಗಿಂತ ನಿನ್ನ ಮಾತೇ ಕಹಿ ಎಂದು ನಗುತ್ತಿದ್ದ. ಕಣ್ಣಿನ ಡಾಕ್ಟರು ನಗಲಿಲ್ಲ. ಇರುವುದನ್ನು ಉಳಿಸಿಕೊಳ್ಳಲು ನೋಡೋಣ, ಹೋದದ್ದನ್ನು ತಂದುಕೊಡಲು ನನ್ನಿಂದಾಗದು ಎಂದರು. ಲೇಸರ್ ಆಯಿತು, ಕಣ್ಣಿಗೆ ಸೂಜಿಯಾಯಿತು. ಡಾಕ್ಟರು ಹೇಳಿದಷ್ಟೇ ಆಯಿತು.

ಮೂರು ವಾರ ಅವನು ಅಂಗಡಿ ತೆಗೆಯಲಿಲ್ಲ. ಹಾಸಿಗೆಯ ಅಂಚಿನಲ್ಲಿ ಕೂತು ಮೊಣಕಾಲಿನ ಮೇಲೆ ಬೆರಳು ಬಡಿಯುತ್ತಿದ್ದ. ರಸ್ತೆಯಲ್ಲಿ ಬೈಕು ಹೋದರೆ ಕಿವಿ ನಿಮಿರುತ್ತಿತ್ತು. ಅದು ತಿರುವು ದಾಟುವವರೆಗೂ ಬೆರಳು ನಿಲ್ಲುತ್ತಿತ್ತು. ಮಕ್ಕಳಿರಲಿಲ್ಲ ಅವರಿಗೆ. ಆ ಮಾತು ಆ ಮನೆಯಲ್ಲಿ ಎಂದೋ ಮುಗಿದಿತ್ತು. ಇಬ್ಬರೇ ಇರುವ ಮನೆಯಲ್ಲಿ ಒಬ್ಬರು ಮಾತು ಬಿಟ್ಟರೆ ಪಾತ್ರೆಗಳ ಸದ್ದೂ ದೊಡ್ಡದಾಗಿ ಕೇಳಿಸುತ್ತದೆ. ನಾಲ್ಕನೆಯ ವಾರ ಅವಳು ಅಂಗಡಿಯ ಬೀಗದ ಕೈ ತಂದು ಅವನ ಅಂಗೈಯಲ್ಲಿ ಇಟ್ಟಳು.

"ಅಂಕಿ ನಾನು ಓದ್ತೀನಿ. ಕೆಲಸ ನೀವು ಮಾಡಿ."

"ನೋಡಿದೋರು ನಗ್ತಾರೆ ಕಣೇ."

"ನಗಲಿ ಬಿಡಿ. ನಗೋರ ಗಾಡೀನೂ ಕೆಡುತ್ತೆ."

ಹಾಗೆ ಶುರುವಾಯಿತು. ಅವನು ಹೇಳಿಕೊಡುವುದರಲ್ಲಿ ಜಿಪುಣನಲ್ಲ. ಬ್ಯಾಟರಿಯನ್ನು ಮೂರು ಸಲ ಮಾತಾಡಿಸಬೇಕು ಎನ್ನುತ್ತಿದ್ದ: ಸುಮ್ಮನಿದ್ದಾಗ ಒಮ್ಮೆ, ಸ್ಟಾರ್ಟರ್ ಒತ್ತಿದಾಗ ಒಮ್ಮೆ, ಗಾಡಿ ಓಡುವಾಗ ಒಮ್ಮೆ. ಈಗಷ್ಟೇ ಓಡಿ ಬಂದ ಬ್ಯಾಟರಿ ಇರುವುದಕ್ಕಿಂತ ಹೆಚ್ಚು ಅಂಕಿ ತೋರಿಸಿ ಜಂಬ ಕೊಚ್ಚುತ್ತದೆ, ಅದನ್ನು ನಂಬಬಾರದು. ಎರಡು ನಿಮಿಷ ಹೆಡ್‌ಲೈಟು ಉರಿಸಿ ಆರಿಸಿ, ಆಮೇಲೆ ನೋಡಬೇಕು. ಸ್ಟಾರ್ಟರ್ ಒತ್ತಿದರೆ ಅಂಕಿ ಬಿದ್ದೇ ಬೀಳುತ್ತದೆ. ಬಿದ್ದು ಎಲ್ಲಿ ನಿಂತಿತು ಎನ್ನುವುದೇ ಮುಖ್ಯ. ಹತ್ತರ ಮೇಲೆ ನಿಂತರೆ ಗಟ್ಟಿ. ಒಂಬತ್ತೂವರೆಗಿಂತ ಕೆಳಗೆ ಜಾರಿದರೆ ಬ್ಯಾಟರಿಯ ಕಾಲ ಮುಗಿಯುತ್ತ ಬಂತು. ಇನ್ನು ಗಾಡಿ ಓಡುವಾಗ ಹದಿಮೂರೂವರೆಯಿಂದ ಹದಿನಾಲ್ಕೂವರೆ ಒಳಗೆ ಇರಬೇಕು. ಏರದಿದ್ದರೆ ಚಾರ್ಜು ಬರುತ್ತಿಲ್ಲ. ಹದಿನೈದು ದಾಟಿದರೆ ರೆಗ್ಯುಲೇಟರ್ ಕೈಕೊಟ್ಟಿದೆ, ಒಳಗಿನ ನೀರು ಕುದಿದು ಬ್ಯಾಟರಿ ಸಾಯುತ್ತದೆ. ಈ ಮೂರನೆಯದನ್ನು ನೋಡದೆ ಹೊಸ ಬ್ಯಾಟರಿ ಹಾಕಿ ಕಳಿಸುವವನು ಮೇಸ್ತ್ರಿಯಲ್ಲ, ವ್ಯಾಪಾರಿ ಎನ್ನುತ್ತಿದ್ದ.

ಒಂದೇ ಒಂದು ಕಟ್ಟುನಿಟ್ಟು ಮಾಡಿದ್ದ. ಅಂಕಿ ಓದುವಾಗ ಸುಮಾರು ಎನ್ನಕೂಡದು, ಹತ್ತಿರ ಹತ್ತಿರ ಎನ್ನಕೂಡದು, ಚೆನ್ನಾಗಿದೆ ಎಂದಾಗಲಿ ಕೆಟ್ಟಿದೆ ಎಂದಾಗಲಿ ಸೇರಿಸಕೂಡದು. ಕಂಡದ್ದನ್ನು ಕಂಡಂತೆ ಹೇಳು, ಮಿಕ್ಕಿದ್ದು ನನಗೆ ಬಿಡು. ಅವಳು ಹಾಗೇ ಮಾಡಿದಳು. ಶರ್ಟಿನ ಗುಂಡಿ ಎಣಿಸುವ ದನಿಯಲ್ಲಿ, ಏರಿಳಿತವಿಲ್ಲದೆ, ಅಂಕಿಗಳನ್ನು ಹೇಳುತ್ತಿದ್ದಳು. ಅವನು ಆ ದನಿಯನ್ನು ಕೇಳಿಕೊಂಡು ಬೆರಳು ನಡೆಸುತ್ತಿದ್ದ.

ಗಿರಾಕಿಗಳು ಮೊದಮೊದಲು ಮುಖ ಮುಖ ನೋಡಿಕೊಂಡರು. ಬ್ರೆಡ್ಡಿನವನಿಗೆ ವಿಷಯ ತಿಳಿದಾಗ, ಅದರಲ್ಲೇನು ಹೊಸದು ಮೇಸ್ತ್ರಿ, ನಮ್ಮ ಮನೆಯಲ್ಲೂ ಅಷ್ಟೇ, ಅವಳು ಹೇಳುತ್ತಾಳೆ, ನಾನು ಮಾಡುತ್ತೇನೆ ಎಂದ. ಅಂಗಡಿಯೆಲ್ಲ ನಕ್ಕಿತು. ಗಂಡ ಎಲ್ಲರಿಗಿಂತ ಜೋರಾಗಿ ನಕ್ಕ. ಅವಳು ಸೆರಗು ಬಾಯಿಗೆ ಒತ್ತಿ ಆಚೆ ತಿರುಗಿದಳು. ನಗು ಬಂದಿತ್ತು, ಕಣ್ಣಲ್ಲಿ ನೀರೂ ಬಂದಿತ್ತು. ಆಮೇಲೆ ಅವಳಿಗೂ ಒಂದು ಅಡ್ಡಹೆಸರು ಬಿತ್ತು, ಮೀಟರಕ್ಕ ಎಂದು. ನಾಲ್ಕು ವರ್ಷ ಹಾಗೆ ನಡೆಯಿತು. ಅವನಿಗೆ ಕೊನೆಗೆ ಬಾಗಿಲು ಎಲ್ಲಿದೆ, ಕಿಟಕಿ ಎಲ್ಲಿದೆ ಎಂದು ಬೆಳಕಿನ ಅಂದಾಜಷ್ಟೇ ಉಳಿಯಿತು. ಆದರೂ ಆ ನಾಲ್ಕು ವರ್ಷದಲ್ಲಿ ತಳ್ಳಿಕೊಂಡು ವಾಪಸು ಬಂದ ಗಾಡಿ ಒಂದೂ ಇಲ್ಲ. ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಆಡದಷ್ಟು ಮಾತನ್ನು ಆ ನಾಲ್ಕು ವರ್ಷದಲ್ಲಿ ಆಡಿದೆವು ಎಂದು ಅವಳು ಆಮೇಲೆ ಹೇಳುತ್ತಿದ್ದಳು.

ಐದನೆಯ ವರ್ಷ ಅವನ ಕಾಲು ಊದತೊಡಗಿತು. ಬೆಳಿಗ್ಗೆ ಎದ್ದರೆ ಮುಖ ಊದಿರುತ್ತಿತ್ತು. ಕೂತಲ್ಲೇ ಏದುಸಿರು. ಅವನ ತಮ್ಮ, ಗೋದಾಮಿನಲ್ಲಿ ಲೆಕ್ಕ ಬರೆಯುವವನು, ಬಲವಂತ ಮಾಡಿ ರಕ್ತಪರೀಕ್ಷೆಗೆ ಕೊಡಿಸಿದ. ವರದಿ ಬಂದಾಗ ತರಲು ಹೋದವಳು ಅವಳು. ಕ್ರಿಯಾಟಿನಿನ್ ಎಂಬ ಸಾಲಿನ ಎದುರು ಏಳು ಪಾಯಿಂಟ್ ಒಂದು ಎಂದಿತ್ತು. ಪಕ್ಕದಲ್ಲಿ, ಇರಬೇಕಾದ ಮಿತಿ ಒಂದು ಪಾಯಿಂಟ್ ಮೂರು. ಲ್ಯಾಬಿನ ಹುಡುಗಿಯನ್ನು ಕೇಳಿದಳು. ಮೂತ್ರಪಿಂಡದ ಡಾಕ್ಟರಿಗೆ ಇವತ್ತೇ ತೋರಿಸಿ ಎಂದು ಆ ಹುಡುಗಿ ಮುಖ ತಗ್ಗಿಸಿದಳು.

ಮನೆಗೆ ಬರುವಷ್ಟರಲ್ಲಿ ಅವಳು ನಿರ್ಧಾರ ಮಾಡಿಬಿಟ್ಟಿದ್ದಳು. ಒಂದು ದಿನ, ಒಂದೇ ಒಂದು ದಿನ ಅವನು ನೆಮ್ಮದಿಯಾಗಿ ಉಣ್ಣಲಿ. ನಾಳೆ ಮೈದುನನನ್ನು ಕರೆದುಕೊಂಡು ಡಾಕ್ಟರ ಹತ್ತಿರ ಹೋದಾಗ ಡಾಕ್ಟರೇ ಹೇಳಲಿ. ಅವನು ಬಾಗಿಲಲ್ಲೇ ಎಷ್ಟು ಎಂದು ಕೇಳಿದಾಗ, ಅಂಕಿಗಳನ್ನು ತಿರುವುಮುರುವು ಮಾಡಿ, ಒಂದು ಪಾಯಿಂಟ್ ಏಳು, ಸ್ವಲ್ಪ ಜಾಸ್ತಿ ಅಷ್ಟೆ, ಮಾತ್ರೆಯಲ್ಲಿ ಹೋಗುತ್ತದಂತೆ ಎಂದಳು.

ಅವನು ಊಟಕ್ಕೆ ಕೂತ. ನಾಲ್ಕು ತುತ್ತು ತಿಂದು ಕೈ ತಡೆದ.

"ಇಷ್ಟು ವರ್ಷ ನೀನು ಒಂದು ಅಂಕಿನೂ ಸಮಾಧಾನದ ದನೀಲಿ ಓದಿಲ್ಲ," ಎಂದ. "ಇವತ್ತು ಯಾಕೆ?"

ಅವಳು ತಟ್ಟೆ ಸರಿಸುವ ನೆಪ ಮಾಡಿದಳು.

"ಹದಿನೈದು ದಾಟಿದ್ದನ್ನ ಹದಿನಾಲ್ಕು ಅಂತ ಓದಿದ್ರೆ ಬ್ಯಾಟರಿ ಕುದಿಯೋದು ನಿಲ್ಲುತ್ತಾ? ಇನ್ನೊಂದು ಸಲ ಓದು. ಮೀಟರು ಓದಿದ ಹಾಗೆ ಓದು."

ಅವಳು ಕೈ ತೊಳೆದು ಬಂದು ಕಾಗದ ಬಿಚ್ಚಿದಳು. ಮೊದಲ ಸಾಲಿನಿಂದ ಓದಿದಳು, ಪ್ರತಿಯೊಂದನ್ನೂ, ಪಕ್ಕದ ಮಿತಿಯನ್ನೂ ಸೇರಿಸಿ. ಏಳು ಪಾಯಿಂಟ್ ಒಂದರ ಹತ್ತಿರ ಬಂದಾಗಲೂ ನಿಲ್ಲಿಸಲಿಲ್ಲ. ಮುಗಿದ ಮೇಲೆ ಅವನು ಸರಿ ಎಂದ. ತಡವುತ್ತ ತಟ್ಟೆ ಹತ್ತಿರ ಎಳೆದುಕೊಂಡು ಉಳಿದ ಊಟವನ್ನೂ ಮುಗಿಸಿದ. ಹಸಿವಾಗಿ ಉಂಡದ್ದಲ್ಲ ಅದು. ಅವಳು ಮಾಡಿದ್ದು ಹಾಳಾಗಬಾರದೆಂದು ಉಂಡದ್ದು.

ಆಮೇಲೆ ವಾರಕ್ಕೆ ಎರಡು ದಿನ ಡಯಾಲಿಸಿಸ್. ಆಸ್ಪತ್ರೆಯ ಉದ್ದನೆಯ ಹಾಲಿನಲ್ಲಿ ಎರಡು ಸಾಲು ಮಂಚ, ಪ್ರತಿ ಮಂಚದ ಪಕ್ಕ ಒಂದೊಂದು ಯಂತ್ರ. ನಾಲ್ಕು ಗಂಟೆ ಅಲುಗಾಡದೆ ಮಲಗಿರಬೇಕು. ಅವಳು ಪಕ್ಕದ ಸ್ಟೂಲಿನ ಮೇಲೆ ಕೂತು ಕಾಜಾ ಹೊಲಿಯುತ್ತಿದ್ದಳು. ಅವನು ಯಂತ್ರದ ಸದ್ದನ್ನು ಕೇಳುತ್ತ, ಮೂರನೇ ಮಂಚದ ಯಂತ್ರದ ಮೋಟಾರಿನ ಬೇರಿಂಗು ಹೋಗಿದೆ, ನರ್ಸಮ್ಮನಿಗೆ ಹೇಳು ಎನ್ನುತ್ತಿದ್ದ. ನರ್ಸಮ್ಮ ಮೊದಲು ನಕ್ಕಳು. ಒಂದು ವಾರದ ಮೇಲೆ ರಿಪೇರಿಯವರು ಬಂದು ಅದೇ ಮಾತು ಹೇಳಿದಾಗ ಅವನ ಮಂಚದ ಹತ್ತಿರ ಬಂದು ಕೈ ಮುಗಿದಳು. ಬೇರೆ ದಿನಗಳಲ್ಲಿ ಅಂಗಡಿ ತೆಗೆಯುತ್ತಿದ್ದರು. ಅವನಿಂದ ನಿಲ್ಲಲಾಗುತ್ತಿರಲಿಲ್ಲ. ಕುರ್ಚಿಯ ಮೇಲೆ ಕೂತು, ಅವಳು ಓದಿದ್ದನ್ನು ಕೇಳಿ, ಯಾವ ವೈರು ಎಳೆಯಬೇಕು, ಯಾವುದನ್ನು ಬಿಡಬೇಕು ಎಂದು ಹೇಳುತ್ತಿದ್ದ. ಸಣ್ಣಪುಟ್ಟದ್ದಕ್ಕೆ ಅವಳ ಕೈ ಪಳಗಿತು. ಇಂಜಿನ್ನಿನ ಪಕ್ಕದ ಮುಚ್ಚಳ ಬಿಚ್ಚುವಂಥ ಕೆಲಸ ಬಂದರೆ ಮಾತ್ರ ಗಾಡಿಯನ್ನು ವಾಪಸು ಕಳಿಸುತ್ತಿದ್ದರು.

ಹನ್ನೊಂದು ತಿಂಗಳು ಕಳೆಯಿತು. ಒಂದು ಡಯಾಲಿಸಿಸ್ ದಿನ ಬೆಳಿಗ್ಗೆ ಹೊರಡುವ ಹೊತ್ತಿಗೆ ಬ್ರೆಡ್ಡಿನವನು ಮನೆಗೇ ಫೋನು ಮಾಡಿದ. ಗಾಡಿ ನಿಂತಿದೆ, ಬ್ರೆಡ್ಡು ತುಂಬಿದೆ, ಏನು ಮಾಡಲಿ ಎಂದ. ಅವಳು ಇವತ್ತಾಗುವುದಿಲ್ಲ ಎಂದು ಹೇಳುವಷ್ಟರಲ್ಲಿ ಗಂಡ ಕೈ ಎತ್ತಿದ.

"ನೀನು ಹೋಗು. ತಮ್ಮ ಇದಾನಲ್ಲ ನನ್ನ ಜೊತೆ. ಅವನ ಬ್ರೆಡ್ಡು ಒಣಗುತ್ತೆ."

"ನಿಮ್ಮನ್ನ ಬಿಟ್ಟು..."

"ನಾಲ್ಕು ಗಂಟೆ ಮಲಗೋಕೆ ಇಬ್ಬರು ಕಾವಲು ಯಾಕೆ? ಹೋಗು. ಎಷ್ಟು ಬಂತು ಅಂತ ಆಮೇಲೆ ಬಂದು ಹೇಳು."

ಮೈದುನ ಅಣ್ಣನನ್ನು ಆಟೋ ಹತ್ತಿಸಿದ. ಅವಳು ಅಂಗಡಿಗೆ ನಡೆದಳು. ಬ್ರೆಡ್ಡಿನವನ ಬ್ಯಾಟರಿಯ ನೆಲದ ವೈರು, ಅಂದರೆ ಬೈಕಿನ ಕಬ್ಬಿಣಕ್ಕೆ ಕಟ್ಟಿದ ಕಪ್ಪು ವೈರು, ತುಕ್ಕು ಹಿಡಿದು ಸಡಿಲವಾಗಿತ್ತು. ಅವಳೇ ಬಿಚ್ಚಿದಳು, ಉಜ್ಜಿದಳು, ಬಿಗಿ ಮಾಡಿದಳು. ಮೂರೂ ಸಲ ನೋಡಿದಳು. ಹನ್ನೆರಡು ಪಾಯಿಂಟ್ ಆರು, ಹತ್ತು ಪಾಯಿಂಟ್ ಎಂಟು, ಹದಿನಾಲ್ಕು ಪಾಯಿಂಟ್ ಎರಡು. ಯಾರ ಸಹಾಯವೂ ಇಲ್ಲದೆ ಅವಳು ಪೂರ್ತಿ ಮಾಡಿದ ಮೊದಲ ಗಾಡಿ ಅದು. ಆಸ್ಪತ್ರೆಗೆ ಹೊರಟಾಗ ದಾರಿಯುದ್ದಕ್ಕೂ ಮೂರು ಅಂಕಿಗಳನ್ನು ಬಾಯಲ್ಲೇ ಮಣಮಣ ಹೇಳಿಕೊಳ್ಳುತ್ತಿದ್ದಳು, ಒಂದೂ ಮರೆಯಬಾರದೆಂದು. ಹಾಲಿನ ಬಾಗಿಲಲ್ಲಿ ಮೈದುನ ನಿಂತಿದ್ದ. ಅವನು ಅತ್ತಿಗೆ ಎನ್ನುತ್ತ ಎದುರು ಬಂದ. ಯಂತ್ರಕ್ಕೆ ಹಾಕಿದ ಒಂದು ಗಂಟೆಯಲ್ಲೇ ಅಣ್ಣ ಎದೆ ಹಿಡಿದುಕೊಂಡನಂತೆ, ಡಾಕ್ಟರು ಓಡಿಬಂದರಂತೆ, ಆಗಲಿಲ್ಲವಂತೆ.

ಅಳು ಆಮೇಲೆ ಬಂತು. ಆಗ ಅವಳಿಗೆ ಹೊಳೆದದ್ದು ಒಂದೇ: ಹೇಳಬೇಕಾದ ಅಂಕಿಗಳು ಬಾಯಲ್ಲೇ ಉಳಿದವಲ್ಲ. ಮಂಚದ ಪಕ್ಕ ಹೋಗಿ, ಮುಚ್ಚಿದ ಬಟ್ಟೆ ಸರಿಸಿ, ಅವನ ಕಿವಿಯ ಹತ್ತಿರ ಬಗ್ಗಿ ಮೂರನ್ನೂ ಹೇಳಿದಳು. ನರ್ಸಮ್ಮ ಮುಖ ತಿರುಗಿಸಿಕೊಂಡಳು. ಬೇರೆ ಯಾರೂ ಅದನ್ನು ಕೇಳಿಸಿಕೊಳ್ಳಲಿಲ್ಲ.

ಎರಡು ತಿಂಗಳು ಅಂಗಡಿಯ ಬಾಗಿಲು ಮುಚ್ಚಿತ್ತು. ಅಂಗಡಿಯನ್ನು ಯಾರಿಗಾದರೂ ಬಾಡಿಗೆಗೆ ಕೊಡೋಣ ಎಂದು ಮೈದುನ ಮೆತ್ತಗೆ ಹೇಳಿದ. ಅವನ ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅತ್ತಿಗೆ ಒಬ್ಬಳೇ ಎಷ್ಟೆಂದು ಒದ್ದಾಡಬೇಕು ಎಂಬ ಮರುಕವೇ ಇತ್ತು. ಬ್ರೆಡ್ಡಿನವನು ತಿಂಗಳಿಗೆ ಎರಡು ಸಲ ಬಂದು, ಮನೆಯ ಬಾಗಿಲಲ್ಲಿ ಒಂದು ಬ್ರೆಡ್ಡಿಟ್ಟು, ಮುಖ ತೋರಿಸಲಾಗದೆ ಹೋಗಿಬಿಡುತ್ತಿದ್ದ. ತನ್ನ ಫೋನಿನಿಂದಲೇ ಹೀಗಾಯಿತೆಂಬುದು ಅವನ ತಲೆಯೊಳಗೆ ಕೂತಿತ್ತು. ಒಂದು ದಿನ ಅವಳು ಅವನನ್ನು ಹಿಂದಿನಿಂದ ಕೂಗಿ ನಿಲ್ಲಿಸಿ, ಗಾಡಿ ಹೇಗೆ ಓಡುತ್ತಿದೆ ಎಂದು ಕೇಳಿದಳು. ಚೆನ್ನಾಗಿ ಓಡುತ್ತಿದೆ ಅಕ್ಕ ಎಂದು ಆ ದೊಡ್ಡ ಗಂಡಸು ಬೀದಿಯಲ್ಲೇ ಬಿಕ್ಕಿದ. ಮರುದಿನ ಅವಳು ಅಂಗಡಿ ತೆಗೆದಳು.

ತೆಗೆದದ್ದೇನೋ ತೆಗೆದಳು. ಎರಡನೆಯ ವಾರ ಪೋಸ್ಟ್‌ಮ್ಯಾನ್ ತನ್ನ ಬೈಕು ತಂದ. ಚಾರ್ಜು ಏರುತ್ತಿರಲಿಲ್ಲ. ಇಂಜಿನ್ನಿನಿಂದ ಬರುವ ಮೂರು ಹಳದಿ ವೈರುಗಳನ್ನು ಜೋಡಿ ಜೋಡಿಯಾಗಿ ನೋಡಿದಳು. ಮೂರು ಜೋಡಿಯೂ ಒಂದೇ ಅಂಕಿ ತೋರಿಸಬೇಕು; ಒಂದು ಜೋಡಿ ಐವತ್ತು ದಾಟಿತು, ಉಳಿದೆರಡು ಇಪ್ಪತ್ತನ್ನೂ ಮುಟ್ಟಲಿಲ್ಲ. ಒಳಗೆ ಕರೆಂಟು ಹುಟ್ಟಿಸುವ ಕಾಯಿಲ್ ಸುಟ್ಟಿದೆ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಆದರೆ ಕಾಯಿಲ್ ಇರುವುದು ಇಂಜಿನ್ನಿನ ಪಕ್ಕದ ಮುಚ್ಚಳದ ಒಳಗೆ. ಅದರ ಬೋಲ್ಟಿಗೆ ಸ್ಪ್ಯಾನರ್ ಹಾಕಿ ಎರಡೂ ಕೈಯಿಂದ ಜಗ್ಗಿದಳು, ಕಾಲು ಕೊಟ್ಟು ಜಗ್ಗಿದಳು. ಅದು ಮಿಸುಕಲಿಲ್ಲ. ಕೈ ಜಾರಿ ಬೆರಳಿನ ಗೆಣ್ಣು ಸುಲಿಯಿತು. ಅವಳು ನೆಲಕ್ಕೆ ಕೂತು, ಗಂಡ ಸತ್ತ ದಿನವೂ ಹಾಗೆ ಅತ್ತಿರದವಳು, ಎಣ್ಣೆಗೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಕಾಯಿಲೆ ಏನೆಂದು ಗೊತ್ತಿದ್ದೂ ಕೈಯಲ್ಲಿ ಆಗುತ್ತಿಲ್ಲವಲ್ಲ ಎನ್ನುವ ಸಂಕಟಕ್ಕೆ ಅತ್ತಳು.

ಪೋಸ್ಟ್‌ಮ್ಯಾನ್ ಗಾಬರಿಯಾಗಿ ಎದುರು ಸಾಲಿಗೆ ಓಡಿ ಇಂಜಿನ್ ಮೇಸ್ತ್ರಿಯನ್ನು ಕರೆತಂದ. ಅವನು ಆ ಅಂಗಡಿಯ ಹೊಸ್ತಿಲು ತುಳಿದು ಹನ್ನೊಂದು ವರ್ಷವಾಗಿತ್ತು. ಹಿಂದೊಮ್ಮೆ ಅವನು ಗಿರಾಕಿಯೊಬ್ಬನಿಗೆ ಹೊಸ ಬ್ಯಾಟರಿ ಮಾರಿದ್ದ. ತಿಂಗಳೊಳಗೆ ಅದು ಉಬ್ಬಿಹೋಗಿತ್ತು. ಆ ಗಿರಾಕಿ ವೋಲ್ಟು ಮೇಸ್ತ್ರಿಯ ಹತ್ತಿರ ಬಂದಾಗ, ರೆಗ್ಯುಲೇಟರ್ ಕೆಟ್ಟದ್ದನ್ನು ನೋಡದೆ ಬ್ಯಾಟರಿ ಹಾಕಿದ್ದಾನೆ ಎಂದು ಅವಳ ಗಂಡ ನಾಲ್ಕು ಜನರ ಎದುರೇ ಹೇಳಿಬಿಟ್ಟಿದ್ದ. ಅಂದಿನಿಂದ ಎರಡು ಅಂಗಡಿಗಳ ನಡುವೆ ಮಾತಿರಲಿಲ್ಲ.

ಇಂಜಿನ್ ಮೇಸ್ತ್ರಿ ಸದ್ದಿಲ್ಲದೆ ಕೂತು, ಸುತ್ತಿಗೆಯಿಂದ ಬೋಲ್ಟಿನ ತಲೆಗೆ ಎರಡೇಟು ಹಾಕಿ, ಸ್ಪ್ಯಾನರ್ ತಿರುವಿದ. 'ಟಕ್' ಎಂದು ಬಿಟ್ಟುಕೊಂಡಿತು. ಮುಚ್ಚಳ ತೆಗೆದು ಕಾಯಿಲ್ ಹೊರಗಿಟ್ಟ. ಒಂದು ಕಡೆ ಕಪ್ಪಾಗಿತ್ತು. ಅದನ್ನೇ ನೋಡುತ್ತ ಹೇಳಿದ:

"ಅವತ್ತು ಹದಿನೈದು ಪಾಯಿಂಟ್ ಆರು ಇತ್ತು ಅಕ್ಕ. ನಾನು ನೋಡಿದ್ದೆ. ನೋಡಿಯೂ ಬ್ಯಾಟರಿ ಹಾಕಿ ಕಳಿಸಿದ್ದೆ. ಅವರು ಹೇಳಿದ್ದು ಸುಳ್ಳಲ್ಲ. ಕಣ್ಣು ಹೋಯ್ತು ಅಂದಾಗ ಬರಬೇಕು ಅಂದ್ಕೊಂಡೆ. ಆಸ್ಪತ್ರೆಗೂ ಬರಬೇಕು ಅಂದ್ಕೊಂಡೆ. ನಾಚಿಕೆ ಬಿಡಲಿಲ್ಲ. ಅವರಿಗೆ ನನ್ನ ಮೇಲೆ ಕೋಪ ಇತ್ತಾ?"

ಇರಲಿಲ್ಲ ಎಂದುಬಿಡಬಹುದಿತ್ತು. ಎದುರಿಗಿದ್ದವನು ಆ ಮಾತಿಗೇ ಕಾಯುತ್ತಿದ್ದ. ಅವಳು ಮುಖ ಒರೆಸಿಕೊಂಡಳು.

"ಇತ್ತು. ಕೊನೇವರೆಗೂ ಇತ್ತು. ಆದ್ರೆ ಇಂಜಿನ್ನು ಬಿಚ್ಚೋ ಕೈ ಅಂದ್ರೆ ಅವನದು ಅಂತಾನೂ ಅಂತಿದ್ರು. ಎರಡೂ ನಿಜ."

ಅವನು ಹೊಸ ಕಾಯಿಲ್ ಕೂರಿಸಿ, ಮುಚ್ಚಳ ಬಿಗಿದು ಎದ್ದುಹೋದ. ಮಾರನೆಯ ದಿನದಿಂದ ಅವನ ಅಂಗಡಿಗೆ ಬಂದ ಬ್ಯಾಟರಿಯ ದೂರುಗಳೆಲ್ಲ ರಸ್ತೆ ದಾಟಿ ಈಚೆ ಬರತೊಡಗಿದವು. ಇಂಜಿನ್ನು ಬಿಚ್ಚಬೇಕಾದ ಗಾಡಿಗಳು ಈಚೆಯಿಂದ ಆಚೆ ಹೋದವು. ಅವಳು ದರ್ಜಿಗೆ ಹೇಳಿ ಕಾಜಾ ಕೆಲಸ ಬಿಟ್ಟಳು. ಒಂದು ವರ್ಷವಾಗುವಷ್ಟರಲ್ಲಿ ಮೀಟರಕ್ಕ ಹೇಳಿದರೆ ಮುಗಿಯಿತು ಎನ್ನುವಂತಾಯಿತು. ಮನೆಗೆ ಹೋದರೆ ಹೇಳಿಕೊಳ್ಳಲು ಯಾರೂ ಇರಲಿಲ್ಲ, ಅಷ್ಟೆ.

ಎರಡನೆಯ ವರ್ಷ ಅವಳಿಗೆ ಹತ್ತಿರದ ಸಣ್ಣ ಅಕ್ಷರಗಳು ಮಸುಕಾಗತೊಡಗಿದವು. ಯಾರಿಗೂ ಹೇಳದೆ ಒಂದು ಬೆಳಿಗ್ಗೆ ಕಣ್ಣಿನ ಡಾಕ್ಟರ ಹತ್ತಿರ ಹೋದಳು. ಅವರು ಔಷಧಿ ಹಾಕಿ, ದೀಪ ಬಿಟ್ಟು, ಕಣ್ಣಿನ ಹಿಂಬದಿಯನ್ನೆಲ್ಲ ನೋಡಿ, ಸಕ್ಕರೆಯ ವರದಿಯನ್ನೂ ನೋಡಿ, ಏನೂ ತೊಂದರೆ ಇಲ್ಲಮ್ಮ ಎಂದರು. ನಿಮ್ಮ ವಯಸ್ಸಿಗೆ ಎಲ್ಲರಿಗೂ ಆಗುವುದೇ, ಹತ್ತಿರದ್ದಕ್ಕೆ ಒಂದು ಕನ್ನಡಕ ಸಾಕು, ಇನ್ನು ಇಪ್ಪತ್ತು ಮೂವತ್ತು ವರ್ಷ ಈ ಕಣ್ಣಿಗೆ ಏನೂ ಆಗುವುದಿಲ್ಲ ಎಂದು ಚೀಟಿ ಬರೆದುಕೊಟ್ಟರು.

ಒಳ್ಳೆಯ ಸುದ್ದಿ ಕೇಳಿದವಳು ಎದ್ದು ಹೋಗಬೇಕಿತ್ತು. ಹೊರಗಿನ ಬೆಂಚಿನ ಮೇಲೆ ಕೂತವಳಿಗೆ ಏಳಲಾಗಲಿಲ್ಲ. ಇಪ್ಪತ್ತು ಮೂವತ್ತು ವರ್ಷ ಎಂಬ ಮಾತು ಕಿವಿಯಲ್ಲಿ ಸುತ್ತುತ್ತಿತ್ತು. ಅಷ್ಟು ವರ್ಷ ಒಬ್ಬಳೇ ನೋಡುತ್ತಿರಬೇಕಲ್ಲ. ಔಷಧಿ ಹಾಕಿದ ಕಣ್ಣಿಗೆ ಬಿಸಿಲು ಚುಚ್ಚುತ್ತಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಪಕ್ಕದಲ್ಲಿದ್ದ ಮುದುಕಿ ಔಷಧಿಯಿಂದಲೇ ಎಂದುಕೊಂಡು, ಸ್ವಲ್ಪ ಹೊತ್ತು ಮುಚ್ಚಿಕೊಂಡಿರಮ್ಮ, ಸರಿಹೋಗುತ್ತೆ ಎಂದಳು. ಅವಳು ಕಣ್ಣು ಮುಚ್ಚಿ ಕೂತಳು. ಆಮೇಲೆ ಅಂಗಡಿಯಲ್ಲಿ ಎರಡು ಬ್ಯಾಟರಿ ಚಾರ್ಜಿಗೆ ಹಾಕಿ ಬಂದದ್ದು ನೆನಪಾಗಿ, ಚೀಟಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಡೆಯ ನೆರಳು ಹಿಡಿದು ನಡೆಯತೊಡಗಿದಳು.